ಎಲ್ಲರ ಹೆಸರೂ ಅಡ್ಮಿನ್ ಆಗಿದ್ದಾಗ

ಬೆಳಿಗ್ಗೆ ಹಾಲಿನ ಡೇರಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಸದಸ್ಯ ನಂಬರ್ ಹೇಳುತ್ತೀರಿ. ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಹಾಲು ಬೆರೆಯುತ್ತದೆ, ಲೆಕ್ಕ ಬೆರೆಯುವುದಿಲ್ಲ. ಆ ನಂಬರ್ ಪದ್ಧತಿಯನ್ನೇ ತೆಗೆದುಹಾಕಿ, ‘ಎಲ್ಲರೂ ನಮ್ಮವರೇ, ಸುರಿದು ಹೋಗಿ’ ಅಂದರೆ ಏನಾಗುತ್ತದೆ? ಮೊದಲ ವಾರ ಏನೂ ಆಗುವುದಿಲ್ಲ. ಕ್ಯಾನಿನಲ್ಲಿ ನೀರು ಸಿಕ್ಕ ದಿನ ಗೊತ್ತಾಗುತ್ತದೆ. ಆ ದಿನ ಬೆರಳು ಹೋಗುವುದು ನೀರು ಹಾಕಿದವರ ಕಡೆಗಲ್ಲ. ಊರಲ್ಲಿ ಯಾರ ಪರ ಮಾತಾಡುವವರು ಕಡಿಮೆಯೋ ಅವರ ಕಡೆಗೆ.

ನಾವು ಐವರು ಜಿಲ್ಲಾ ವರದಿಗಾರರು ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಮೂರು ವರ್ಷ ನಂಬರ್ ಇಲ್ಲದ ಡೇರಿಯೇ ನಡೆದಿತ್ತು. ಹಾಲಿನ ಬದಲು ವಿಡಿಯೊ, ಫೋಟೊ, ಆಡಿಯೊ. ಕ್ಯಾನಿನ ಬದಲು ಒಂದು ಕಪ್ಪು ಡಬ್ಬಿ.

ಆ ಡಬ್ಬಿಗೆ ನೆಟ್‌ವರ್ಕ್ ಸ್ಟೋರೇಜ್ ಅನ್ನುತ್ತಾರೆ. ಅಂಗಡಿಯವರ ಬಾಯಲ್ಲಿ ಅದು ‘ನಾಸ್’. ನಮ್ಮ ಕೋಣೆಗೆ ಚಹಾ ತರುವ ಕಾಕಾ ಮೊದಲ ದಿನವೇ, ‘ನಾಶ ಅಂತ ಹೆಸರಿಟ್ಟೀರಲ್ರೀ, ಬ್ಯಾರೆ ಸಿಗಲಿಲ್ಲೇನು?’ ಎಂದು ನಕ್ಕಿದ್ದರು. ಒಳಗೆ ನಾಲ್ಕು ನಾಲ್ಕು ಟಿಬಿಯ ಎರಡು ಹಾರ್ಡ್ ಡಿಸ್ಕ್. ವೈಫೈ ರೂಟರ್‌ಗೆ ಒಂದು ವೈರ್. ಕೋಣೆಯಲ್ಲಿರುವ ಯಾವ ಲ್ಯಾಪ್‌ಟಾಪ್‌ನಿಂದಲೂ, ಯಾವ ಫೋನಿನಿಂದಲೂ ಅದಕ್ಕೆ ಫೈಲ್ ಹಾಕಬಹುದು, ತೆಗೆಯಬಹುದು. ಒಂದು ಡಿಸ್ಕಿಗೆ ಬರೆದದ್ದು ತಾನಾಗಿಯೇ ಇನ್ನೊಂದಕ್ಕೂ ಬರೆಯುತ್ತದೆ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಆದರೆ ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಈ ಎರಡನೇ ಮಾತನ್ನು ಮಾರುವವರು ಹೇಳುವುದು ಕಡಿಮೆ.

2018ರಲ್ಲಿ ಕಂಪ್ಯೂಟರ್ ಅಂಗಡಿಯ ಒಬ್ಬರು ಬಂದು ಅದನ್ನು ಜೋಡಿಸಿ ಹೋದರು. ಅದರಲ್ಲಿ ಒಂದೇ ಹೆಸರು: ಅಡ್ಮಿನ್. ಒಂದೇ ಪಾಸ್‌ವರ್ಡ್. ಅದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದರು. ಐವರು ವರದಿಗಾರರು, ಇಬ್ಬರು ಫೋಟೋಗ್ರಾಫರ್, ಕೆಲಸ ಕಲಿಯಲು ಬಂದ ಒಬ್ಬ ಹುಡುಗ, ಆಗಾಗ ಬರುವ ಸ್ನೇಹಿತರು, ಎಲ್ಲರೂ ಅಡ್ಮಿನ್. ಡಬ್ಬಿಯ ಭಾಷೆಯಲ್ಲಿ ಅಡ್ಮಿನ್ ಅಂದರೆ ಮನೆಯ ಯಜಮಾನ. ಏನು ಬೇಕಾದರೂ ನೋಡಬಹುದು, ಏನು ಬೇಕಾದರೂ ಅಳಿಸಬಹುದು, ಅಳಿಸಿದ ಗುರುತನ್ನೂ ಅಳಿಸಬಹುದು.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಉತ್ತರ ಕರ್ನಾಟಕದ ನದಿಗಳೆಲ್ಲ ಒಟ್ಟಿಗೆ ಉಕ್ಕಿದ ತಿಂಗಳು. ವರದಾ ದಂಡೆಯ ಊರುಗಳಲ್ಲಿ ನಾವು ದಿನಕ್ಕೆ ಹದಿನಾರು ತಾಸು ತಿರುಗಿದೆವು. ಚಾನೆಲ್‌ಗೆ ಹೋಗುವುದು ನಲವತ್ತು ಸೆಕೆಂಡಿನ ತುಂಡು. ನಾವು ತೆಗೆಯುವುದು ಗಂಟೆಗಟ್ಟಲೆ. ಆ ಉಳಿದದ್ದೆಲ್ಲ ಡಬ್ಬಿಯೊಳಗೆ, ಊರಿನ ಹೆಸರು ಮತ್ತು ದಿನಾಂಕದ ಫೋಲ್ಡರ್‌ಗಳಲ್ಲಿ ಕೂತಿತ್ತು.

ಸುಮಾರು ಎರಡು ವರ್ಷದ ನಂತರ ಒಬ್ಬ ಅಜ್ಜಿ ಮಗಳ ಕೈ ಹಿಡಿದು ನಮ್ಮ ಕೋಣೆಗೆ ಬಂದರು. ‘ತಮ್ಮಾ, ಅವತ್ತು ನಮ್ಮನಿ ಗ್ವಾಡಿ ಬೀಳೂದನ್ನ ನೀ ಹಿಡದಿದ್ದಿ ಅಲ್ಲ? ಅದು ಬೇಕಾಗೇತಿ’ ಅಂದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತ್ತು. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಅಜ್ಜಿಯ ಮನೆ ಕೆಳಗಿನ ವರ್ಗಕ್ಕೆ ಸೇರಿತ್ತು. ಸರ್ವೆಗೆ ಬರುವ ಹೊತ್ತಿಗೆ ನೆರೆಯವರು ಸೇರಿ ಒಂದು ಬದಿಗೆ ತಗಡು ಹೊದಿಸಿ ನಿಲ್ಲಿಸಿದ್ದರು. ಅದನ್ನೇ ನೋಡಿ ‘ಭಾಗಶಃ’ ಎಂದು ಬರೆದಿದ್ದರಂತೆ. ಗೋಡೆ ಬಿದ್ದ ದಿನದ ವಿಡಿಯೊ ಇದ್ದರೆ ಅರ್ಜಿಗೆ ಬಲ ಬರುತ್ತದೆ ಎಂದು ಯಾರೋ ಹೇಳಿದ್ದರು.

ನಾನು ಡಬ್ಬಿ ತೆರೆದೆ. ಆ ಊರಿನ ಫೋಲ್ಡರ್ ಇರಲಿಲ್ಲ. ಪಕ್ಕದ ಎರಡು ಊರಿನದೂ ಇರಲಿಲ್ಲ. ಕಸದ ಬುಟ್ಟಿ, ಅಂದರೆ ಅಳಿಸಿದ ಫೈಲ್ ಸ್ವಲ್ಪ ದಿನ ಕೂತಿರುವ ಜಾಗ, ಅದೂ ಖಾಲಿ. ಯಾರು ಯಾವಾಗ ಒಳಗೆ ಬಂದರು ಎಂದು ಡಬ್ಬಿ ಒಂದು ಪಟ್ಟಿ ಬರೆದುಕೊಳ್ಳುತ್ತದೆ, ಅದಕ್ಕೆ ಲಾಗ್ ಅನ್ನುತ್ತಾರೆ. ಆ ಪುಟ ತೆರೆದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ಅಡ್ಮಿನ್, ಅಡ್ಮಿನ್, ಅಡ್ಮಿನ್. ಬೆಳಿಗ್ಗೆ ಎಂಟಕ್ಕೂ ಅಡ್ಮಿನ್, ರಾತ್ರಿ ಹನ್ನೊಂದಕ್ಕೂ ಅಡ್ಮಿನ್.

ಸಂಜೆ ಎಲ್ಲರೂ ಸೇರಿದಾಗ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಎರಡೇ ದಿನದಲ್ಲಿ ಕೋಣೆಯ ಕಣ್ಣೆಲ್ಲ ಒಬ್ಬನ ಮೇಲೆ ನಿಂತಿತು. ಕೆಲಸ ಕಲಿಯಲು ಬಂದ ಹುಡುಗ. ರಾತ್ರಿ ಕೋಣೆಯಲ್ಲೇ ಮಲಗುವವನು ಅವನು. ಎಡಿಟಿಂಗ್ ಕಂಪ್ಯೂಟರ್ ಮುಂದೆ ಹೆಚ್ಚು ಹೊತ್ತು ಕೂರುವವನು ಅವನು. ಎಲ್ಲರಿಗಿಂತ ಚಿಕ್ಕವನೂ ಅವನೇ. ‘ಜಾಗ ಸಾಲ್ದು ಅಂತ ಅಳಿಸಿರ್ಬೇಕು’ ಅಂದರು ಒಬ್ಬರು. ‘ಯಾರಿಗೋ ಮಾರಿರ್ಬೇಕು’ ಅಂದರು ಇನ್ನೊಬ್ಬರು. ಅವನು ನನ್ನ ಹತ್ತಿರ ಬಂದು, ‘ಅಣ್ಣಾರ, ನಾ ಮುಟ್ಟಿಲ್ರಿ. ಆದ್ರ ಮುಟ್ಟಿಲ್ಲ ಅಂತ ಹೆಂಗ ತೋರಿಸ್ಲಿ?’ ಎಂದು ಕೇಳಿದ.

ಆ ಪ್ರಶ್ನೆಗೆ ನಮ್ಮ ಕೋಣೆಯಲ್ಲಿ ಉತ್ತರ ಇರಲಿಲ್ಲ. ಅವನ ಪರ ನಾನು ಮಾತಾಡಿದೆ. ಆದರೆ ಮಾತಿಗೆ ಮಾತೇ ಎದುರು ನಿಲ್ಲುತ್ತದೆ, ಕಾಗದ ಇದ್ದರೆ ಬೇರೆ. ತಿಂಗಳು ಕಳೆಯುವುದರೊಳಗೆ ಅವನು ಬರುವುದನ್ನು ನಿಲ್ಲಿಸಿದ. ಈಗ ತನ್ನ ಊರಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ.

ಅಜ್ಜಿಗೆ ಚಾನೆಲ್ ಡೆಸ್ಕ್‌ನಿಂದ ಆ ನಲವತ್ತು ಸೆಕೆಂಡಿನ ತುಂಡು ತರಿಸಿಕೊಟ್ಟೆ. ಅದರಲ್ಲಿ ಗೋಡೆ ಆಗಲೇ ಬಿದ್ದಿತ್ತು, ಬೀಳುವುದು ಕಾಣುತ್ತಿರಲಿಲ್ಲ. ಮೊದಲ ಮೂಲ ಫೈಲಿನಲ್ಲಿದ್ದ ದಿನಾಂಕ, ಸಮಯವೂ ಅದರಲ್ಲಿ ಉಳಿದಿರಲಿಲ್ಲ. ಅವರು ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ ಪೆನ್‌ಡ್ರೈವ್ ಹಿಡಿದು ಹೋದರು. ಮನೆಯ ವರ್ಗ ಬದಲಾಗಲಿಲ್ಲ.

ಇದಾದ ಮೇಲೆ ಡಬ್ಬಿಯ ಜವಾಬ್ದಾರಿ ನಾನು ತೆಗೆದುಕೊಂಡೆ. ಎಲ್ಲರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಎಂದಾಗ ನಮ್ಮಲ್ಲಿ ಹಿರಿಯರೊಬ್ಬರಿಗೆ ಬೇಸರವಾಯಿತು. ‘ನಮ್ಮ ನಮ್ಮ ನಡುವ ಕೀಲಿ ಯಾಕೋ ತಮ್ಮಾ? ಹತ್ತು ವರ್ಷ ಒಂದ ತಾಟಿನ್ಯಾಗ ಉಂಡೀವಿ’ ಅಂದರು. ನಾನು ಕೇಳಿದೆ: ‘ಸರ, ನಾಳೆ ನಿಮ್ಮ ಮ್ಯಾಲ ಮಾತು ಬಂದ್ರ, ನಿಮ್ಮ ಪರ ಹೇಳಾಕ ಇಲ್ಲಿ ಏನೈತ್ರಿ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹೆಸರು ಮೊದಲ ಬರಿ’ ಅಂದರು.

ನಾನು ಹೇಳಬೇಕಾದ ಮಾತು ಇಷ್ಟೇ. ಪ್ರತಿಯೊಬ್ಬರಿಗೂ ಸ್ವಂತ ಹೆಸರಿನ ಲಾಗಿನ್ ಕೊಡುವುದು ಕಳ್ಳನನ್ನು ಹಿಡಿಯಲು ಎಂದು ಜನ ತಿಳಿಯುತ್ತಾರೆ. ಕಳ್ಳ ಸಿಗುವುದು ಅಪರೂಪ. ದಿನದಿನಕ್ಕೆ ಅದರ ಉಪಯೋಗ ತಪ್ಪು ಮಾಡದವನನ್ನು ಉಳಿಸುವುದು.

ಮಾಡಿದ್ದು ಹೇಗೆ ಎಂದು ಹೇಳುತ್ತೇನೆ. ನಿಮ್ಮೂರಿನ ಫೋಟೊ ಸ್ಟುಡಿಯೊ, ಸಹಕಾರ ಸಂಘ, ಶಾಲೆ, ಸಣ್ಣ ಆಸ್ಪತ್ರೆ, ಎಲ್ಲಿ ಇಂಥ ಡಬ್ಬಿ ಇದ್ದರೂ ಕೆಲಸ ಇದೇ.

ಮೊದಲು, ಯಜಮಾನಿಕೆಗೆ ಒಂದು ಹೊಸ ಹೆಸರು ಮಾಡಿ ಆ ಹೆಸರಲ್ಲಿ ಒಳಗೆ ಹೋಗಬೇಕು. ಅದು ಸರಿಯಾಗಿ ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ಹಳೆಯ ‘ಅಡ್ಮಿನ್’ ಅನ್ನು ನಿಷ್ಕ್ರಿಯ ಮಾಡಬೇಕು. ಯಾಕೆಂದರೆ ಹೊರಗಿನಿಂದ ಬಾಗಿಲು ತಟ್ಟುವವರು ಮೊದಲು ಪ್ರಯತ್ನಿಸುವ ಹೆಸರು ಅದೇ. ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ‘ಗೆಸ್ಟ್’ ಎಂಬ ಅತಿಥಿ ಹೆಸರನ್ನೂ ಮುಚ್ಚಬೇಕು. ಅದು ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡುತ್ತದೆ. ಹೊಸ ವಿಂಡೋಸ್ 11 ಪ್ರೊ ಕಂಪ್ಯೂಟರ್‌ಗಳಲ್ಲಿ 24ಎಚ್2 ಅಪ್‌ಡೇಟ್ ಆದ ಮೇಲೆ ಡಬ್ಬಿ ತೆರೆಯುತ್ತಿಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಹಲವು ಸಲ ಕಾರಣ ಇದೇ ಆಗಿರುತ್ತದೆ. ಅತಿಥಿಯಾಗಿ ಹೋಗುವ ದಾರಿಯನ್ನು ವಿಂಡೋಸೇ ಮುಚ್ಚಿದೆ. ಅದನ್ನು ಮತ್ತೆ ತೆರೆಯುವ ಬದಲು ಸ್ವಂತ ಹೆಸರು ಮಾಡಿಕೊಳ್ಳುವುದು ಸರಿಯಾದ ದಾರಿ.

ಯಜಮಾನನ ಹೆಸರನ್ನು ದಿನದ ಕೆಲಸಕ್ಕೆ ಬಳಸಬಾರದು. ನನಗೂ ಎರಡು ಹೆಸರಿವೆ. ಡಬ್ಬಿಯ ಸೆಟ್ಟಿಂಗ್ ಬದಲಿಸಲು ಒಂದು, ನನ್ನ ಸುದ್ದಿ ಫೈಲ್ ಹಾಕಲು ಇನ್ನೊಂದು. ಎರಡನೆಯದಕ್ಕೆ ಉಳಿದವರಿಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿನ ಅಧಿಕಾರವಿಲ್ಲ.

ಆಮೇಲೆ ಗುಂಪುಗಳು. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರಿನ ಅನುಮತಿ ಬರೆಯುತ್ತ ಹೋದರೆ ಆರು ತಿಂಗಳಲ್ಲಿ ಬರೆದವರಿಗೇ ಅರ್ಥವಾಗುವುದಿಲ್ಲ. ವರದಿಗಾರರು ಒಂದು ಗುಂಪು, ಫೋಟೋಗ್ರಾಫರ್ ಒಂದು, ಕಲಿಯುವವರು ಒಂದು. ಪ್ರತಿ ಗುಂಪಿಗೆ ಪ್ರತಿ ಫೋಲ್ಡರಿನಲ್ಲಿ ಮೂರರಲ್ಲಿ ಒಂದು ಅಧಿಕಾರ: ನೋಡಿ ಬರೆಯಬಹುದು, ಬರೀ ನೋಡಬಹುದು, ಒಳಗೇ ಬರುವಂತಿಲ್ಲ. ಒಬ್ಬನೇ ಎರಡು ಗುಂಪಿನಲ್ಲಿದ್ದು, ಒಂದು ಗುಂಪಿಗೆ ಬರೆಯುವ ಅಧಿಕಾರ, ಇನ್ನೊಂದಕ್ಕೆ ‘ಬರುವಂತಿಲ್ಲ’ ಎಂದಿದ್ದರೆ? ಸಿನಾಲಜಿ ಡಬ್ಬಿಗಳಲ್ಲಿ ‘ಬರುವಂತಿಲ್ಲ’ ಎಂಬುದೇ ಗೆಲ್ಲುತ್ತದೆ. ಇದನ್ನು ನೆನಪಿಟ್ಟರೆ ‘ನನಗ್ಯಾಕ ತೆರೀವಲ್ತು’ ಎಂಬ ಅರ್ಧದಷ್ಟು ದೂರು ಬಗೆಹರಿಯುತ್ತವೆ.

ಹಳೆಯ ವರ್ಷಗಳ ಫೋಲ್ಡರ್‌ಗಳನ್ನೆಲ್ಲ ಎಲ್ಲರಿಗೂ ‘ಬರೀ ನೋಡಬಹುದು’ ಎಂದು ಮಾಡಿದೆವು. 2019ರ ಪ್ರವಾಹಕ್ಕೆ ಇನ್ನು ಯಾರೂ ಹೊಸದಾಗಿ ಏನೂ ಸೇರಿಸಬೇಕಿಲ್ಲ. ಹಾಗಾದ ಮೇಲೆ ಅಳಿಸುವ ಅಧಿಕಾರ ಯಾಕೆ ಬೇಕು?

ಒಂದು ಫೋಲ್ಡರ್‌ಗೆ ಮಾತ್ರ ಇಬ್ಬರಿಗೆ ಪ್ರವೇಶ. ಅದರಲ್ಲಿ ಮಕ್ಕಳು, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು ನಂಬಿ ಮಾತಾಡಿದ, ಮುಖ ಮರೆಮಾಡದ ಮೂಲ ವಿಡಿಯೊಗಳಿವೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. ಪೋಕ್ಸೊ ಕಾಯ್ದೆಯ 23ನೇ ಕಲಂ ಮಕ್ಕಳ ಗುರುತು ಬಯಲು ಮಾಡುವ ಮಾಧ್ಯಮದವರಿಗೂ ಶಿಕ್ಷೆ ಹೇಳುತ್ತದೆ. ಕಾನೂನು ಬಿಡಿ, ಆ ಹೆಣ್ಣುಮಗಳು ಮಾತಾಡಿದ್ದು ನನ್ನ ಮುಖ ನೋಡಿ. ಚೀಟಿ ಅಂಟಿಸಿದ ಮಾನಿಟರ್ ಅವಳಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ತೂತು ಉಳಿದಿತ್ತು. ಎಡಿಟಿಂಗ್ ಕಂಪ್ಯೂಟರ್ ಎಲ್ಲರಿಗೂ ಸೇರಿದ್ದು. ಬೆಳಿಗ್ಗೆ ಮೊದಲು ಕೂತವರು ಪಾಸ್‌ವರ್ಡ್ ಹಾಕಿ ‘ನೆನಪಿಟ್ಟುಕೋ’ ಎಂಬುದಕ್ಕೆ ಟಿಕ್ ಮಾಡಿದರೆ, ಸಂಜೆಯವರೆಗೆ ಕೂತವರೆಲ್ಲ ಅವರ ಹೆಸರಲ್ಲೇ ಒಳಗೆ ಹೋಗುತ್ತಾರೆ. ವಿಂಡೋಸ್ ಒಂದೇ ಡಬ್ಬಿಗೆ ಒಂದೇ ಹೊತ್ತಿಗೆ ಎರಡು ಹೆಸರಲ್ಲಿ ಹೋಗಲು ಬಿಡುವುದೂ ಇಲ್ಲ, ತಪ್ಪು ಸಂದೇಶ ತೋರಿಸಿ ನಿಲ್ಲುತ್ತದೆ. ಆಗ ಡಬ್ಬಿಯಲ್ಲಿ ಹತ್ತು ಹೆಸರಿದ್ದರೂ ಲಾಗ್ ಹೇಳುವುದು ಸುಳ್ಳು. ಅದು ಹೆಸರಿಲ್ಲದ ಲಾಗ್‌ಗಿಂತ ಅಪಾಯ. ಯಾಕೆಂದರೆ ಈಗ ಒಬ್ಬ ನಿರಪರಾಧಿಯ ಹೆಸರು ಅಚ್ಚಾಗಿ ಕೂತಿರುತ್ತದೆ. ಅದಕ್ಕೇ ಕಂಪ್ಯೂಟರ್‌ಗೂ ಒಬ್ಬೊಬ್ಬರಿಗೆ ಬೇರೆ ವಿಂಡೋಸ್ ಲಾಗಿನ್ ಮಾಡಿದೆವು. ಹಳೆಯ ನೆನಪುಗಳನ್ನು ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ ತೆಗೆದೆವು. ಎದ್ದು ಚಹಾಕ್ಕೆ ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತುವ ರೂಢಿ ಬರಲು ಎರಡು ತಿಂಗಳು ಹಿಡಿಯಿತು.

ಲಾಗ್ ವಿಷಯದಲ್ಲಿ ಇನ್ನೊಂದು. ಯಾರು ಒಳಗೆ ಬಂದರು ಎಂದು ಬರೆಯುವುದು ಬೇರೆ, ಬಂದವರು ಯಾವ ಫೈಲ್ ಹಾಕಿದರು, ಯಾವುದನ್ನು ಅಳಿಸಿದರು ಎಂದು ಬರೆಯುವುದು ಬೇರೆ. ಎರಡನೆಯದನ್ನು ನಾವೇ ಸೆಟ್ಟಿಂಗ್‌ನಲ್ಲಿ ಚಾಲೂ ಮಾಡಬೇಕಾಯಿತು. ಫೋಲ್ಡರಿನ ಕಸದ ಬುಟ್ಟಿ ಖಾಲಿ ಮಾಡುವ ಅಧಿಕಾರ ಈಗ ಯಜಮಾನನ ಹೆಸರಿಗೆ ಮಾತ್ರ.

ಪಾಸ್‌ವರ್ಡ್ ಎಂಬುದು ಎಲ್ಲಿಂದ ಬಂತು ಎಂದು ಹುಡುಕಿದಾಗ ನನಗೆ ಸಿಕ್ಕ ಕಥೆ ನಮ್ಮ ಕೋಣೆಯದೇ ಅನ್ನಿಸಿತು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಒಂದೇ ದೊಡ್ಡ ಕಂಪ್ಯೂಟರ್ ಅನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಬಂತು. ಅದರ ಮುಂದಾಳು ಫರ್ನಾಂಡೊ ಕಾರ್ಬಾಟೊ. ಒಬ್ಬರ ಫೈಲ್ ಇನ್ನೊಬ್ಬರದರ ಜೊತೆ ಬೆರೆಯಬಾರದು, ಪ್ರತಿಯೊಬ್ಬರಿಗೂ ಇಷ್ಟು ಹೊತ್ತು ಎಂಬ ಲೆಕ್ಕ ಇರಬೇಕು ಎಂದು ಅವರು ಒಬ್ಬೊಬ್ಬರಿಗೆ ಒಂದು ಪಾಸ್‌ವರ್ಡ್ ಕೊಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ತಾಸು ಸಾಲುತ್ತಿರಲಿಲ್ಲ. ಪಾಸ್‌ವರ್ಡ್‌ಗಳೆಲ್ಲ ಒಂದು ಫೈಲಿನಲ್ಲಿ ಬರೆದಿದ್ದವು. ಅವನು ಆ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಹೆಸರಲ್ಲಿ ಕೆಲಸ ಮಾಡಿದ. ಎಷ್ಟೋ ವರ್ಷದ ನಂತರ ಅವನೇ ಹೇಳಿದ ಮೇಲೆ ಇದು ತಿಳಿಯಿತು. ಪಾಸ್‌ವರ್ಡ್ ಹುಟ್ಟಿದ ಬೆನ್ನಿಗೇ, ಪಟ್ಟಿ ಬರೆದಿಟ್ಟರೆ ಏನಾಗುತ್ತದೆ ಎಂಬ ಪಾಠವೂ ಹುಟ್ಟಿತ್ತು.

ಈಗಿನ ಡಬ್ಬಿಗಳು ಪಾಸ್‌ವರ್ಡ್ ಅನ್ನು ಹಾಗೇ ಬರೆದಿಡುವುದಿಲ್ಲ. ಅದನ್ನು ಲೆಕ್ಕಕ್ಕೆ ಹಾಕಿ ಅರೆದು, ಮರಳಿ ಕಾಳಾಗದ ಹಿಟ್ಟಿನ ಹಾಗೆ ಇಡುತ್ತವೆ. ನೀವು ಪಾಸ್‌ವರ್ಡ್ ಹಾಕಿದಾಗ ಅದನ್ನೂ ಅರೆದು ಎರಡು ಹಿಟ್ಟು ಹೊಂದುತ್ತವೆಯೇ ಎಂದು ನೋಡುತ್ತವೆ. ಆದ್ದರಿಂದ ಯಜಮಾನನಿಗೂ ನಿಮ್ಮ ಪಾಸ್‌ವರ್ಡ್ ಕಾಣುವುದಿಲ್ಲ. ಅವನು ಹೊಸದು ಕೊಡಬಹುದು ಅಷ್ಟೆ. ‘ನಾನು ಅಡ್ಮಿನ್, ನಿನ್ನ ಪಾಸ್‌ವರ್ಡ್ ಹೇಳು’ ಎಂದು ಯಾರಾದರೂ ಕೇಳಿದರೆ ಹೇಳಬೇಡಿ. ನಿಜವಾದ ಅಡ್ಮಿನ್‌ಗೆ ಅದು ಬೇಕಾಗುವುದೇ ಇಲ್ಲ.

ಪಾಸ್‌ವರ್ಡ್ ಹೇಗಿರಬೇಕು? ಮೂರು ತಿಂಗಳಿಗೊಮ್ಮೆ ಬದಲಿಸಿ, ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲಿ ಎಂಬ ಹಳೆಯ ನಿಯಮವನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಕೈಬಿಟ್ಟಿದೆ. ಪದೇ ಪದೇ ಬದಲಿಸಲು ಒತ್ತಾಯಿಸಿದರೆ ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಉದ್ದ ಇರಬೇಕು, ಊಹೆಗೆ ಸಿಗಬಾರದು, ಬೇರೆಲ್ಲೂ ಬಳಸಿರಬಾರದು. ನಾವು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿ ಮಾಡಿಕೊಂಡೆವು. ರೊಟ್ಟಿ, ರೈಲು, ಕನ್ನಡಕ, ಬೇವು ಎಂಬ ಹಾಗೆ. ಈ ನಾಲ್ಕನ್ನೇ ಇಟ್ಟುಕೊಳ್ಳಬೇಡಿ ಮತ್ತೆ! ಊರಿನ ಹೆಸರು, ಮಗಳ ಹೆಸರು, ಮೊಬೈಲ್ ನಂಬರ್ ಬೇಡ. ನಿಮ್ಮನ್ನು ಬಲ್ಲವರಿಗೆ ಮೊದಲು ಹೊಳೆಯುವುದು ಅವೇ.

ಯಜಮಾನನ ಹೆಸರಿಗೆ ಎರಡನೇ ಬಾಗಿಲೂ ಇದೆ. ಫೋನಿನ ಒಂದು ಆ್ಯಪ್ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿ ತೋರಿಸುತ್ತದೆ. ಪಾಸ್‌ವರ್ಡ್ ಜೊತೆ ಅದನ್ನೂ ಹಾಕಬೇಕು. ಬ್ಯಾಂಕಿನ ಒಟಿಪಿ ಥರ, ಆದರೆ ಇದಕ್ಕೆ ಟವರ್ ಬೇಡ, ಎಸ್‌ಎಂಎಸ್ ಬೇಡ. ಡಬ್ಬಿ ಮತ್ತು ಫೋನ್ ಎರಡೂ ಒಂದೇ ಗುಟ್ಟಿನ ಸಂಖ್ಯೆ ಮತ್ತು ಗಡಿಯಾರ ನೋಡಿ ಲೆಕ್ಕ ಹಾಕುತ್ತವೆ. ಹಾಗಾಗಿ ಗಡಿಯಾರ ತಪ್ಪಿದರೆ ಅಂಕಿ ಹೊಂದುವುದಿಲ್ಲ. ಡಬ್ಬಿಯ ಸಮಯವನ್ನು ಇಂಟರ್‌ನೆಟ್‌ನಿಂದ ತಾನಾಗಿ ಸರಿಪಡಿಸಿಕೊಳ್ಳುವಂತೆ ಇಡಬೇಕು. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಈ ಆರಂಕಿ ಕೇಳುವುದು ಡಬ್ಬಿಯ ಸೆಟ್ಟಿಂಗ್ ಪುಟ. ಕಂಪ್ಯೂಟರ್‌ನಲ್ಲಿ ಡ್ರೈವ್ ಥರ ಜೋಡಿಸಿದ ಫೋಲ್ಡರ್ ಬರೀ ಪಾಸ್‌ವರ್ಡ್ ಕೇಳುತ್ತದೆ.

ಐದು ನಿಮಿಷದಲ್ಲಿ ಹತ್ತು ಸಲ ತಪ್ಪು ಪಾಸ್‌ವರ್ಡ್ ಬಂದರೆ ಆ ಕಡೆಯಿಂದ ಬಾಗಿಲು ಮುಚ್ಚುವಂತೆ ಇಟ್ಟೆವು. ಮೊದಲು ಸಿಕ್ಕಿಬಿದ್ದದ್ದು ನಮ್ಮವರೇ ಒಬ್ಬರ ಹಳೆಯ ಫೋನ್. ಪಾಸ್‌ವರ್ಡ್ ಬದಲಾದದ್ದು ಗೊತ್ತಿಲ್ಲದೆ ಜೇಬಿನಲ್ಲೇ ಕೂತು ಬಾಗಿಲು ಬಡಿಯುತ್ತಿತ್ತು.

ಹೊರಗಿನ ಅಪಾಯ ಬರೀ ಮಾತಲ್ಲ. 2020ರ ಜುಲೈನಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಸೈಬರ್ ಭದ್ರತಾ ಸಂಸ್ಥೆಗಳು ಕ್ಯೂಸ್ನ್ಯಾಚ್ ಎಂಬ ಕುತಂತ್ರಾಂಶದ ಬಗ್ಗೆ ಎಚ್ಚರಿಸಿದವು. ಕ್ಯೂನ್ಯಾಪ್ ಕಂಪನಿಯ ಸುಮಾರು 62,000 ಡಬ್ಬಿಗಳಲ್ಲಿ ಅದು ಸೇರಿಕೊಂಡಿತ್ತು. ಅದು ಡಬ್ಬಿಯ ಲಾಗಿನ್ ಪುಟದ ಜಾಗದಲ್ಲಿ ತನ್ನದೇ ನಕಲಿ ಪುಟ ಕೂರಿಸಿ, ಹಾಕಿದ ಪಾಸ್‌ವರ್ಡ್ ಬರೆದುಕೊಳ್ಳುತ್ತಿತ್ತು. 2021ರ ಆಗಸ್ಟ್‌ನಲ್ಲಿ ಸಿನಾಲಜಿ ಕಂಪನಿ, ಯಂತ್ರಗಳ ಒಂದು ಜಾಲ ತನ್ನ ಡಬ್ಬಿಗಳ ಅಡ್ಮಿನ್ ಪಾಸ್‌ವರ್ಡ್ ಊಹಿಸುತ್ತ ಹೋಗುತ್ತಿದೆ ಎಂದು ಗ್ರಾಹಕರಿಗೆ ತಿಳಿಸಿತು. 2022ರ ಜನವರಿಯಲ್ಲಿ ಬಂದ ಡೆಡ್‌ಬೋಲ್ಟ್ ಪಾಸ್‌ವರ್ಡ್ ತಂಟೆಗೇ ಹೋಗಲಿಲ್ಲ. ಸಾಫ್ಟ್‌ವೇರ್‌ನ ತೂತಿನಿಂದ ನುಗ್ಗಿ ಫೈಲ್‌ಗಳಿಗೆ ಬೀಗ ಜಡಿದು, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್ ಪೊಲೀಸರು ದುಡ್ಡು ಕಳಿಸಿದಂತೆ ಮಾಡಿ, ಕೀಲಿ ಬಂದ ಕೂಡಲೇ ಪಾವತಿ ಹಿಂದೆಗೆದು, 155 ಕೀಲಿಗಳನ್ನು ಪಡೆದರು. ಅಂಥ ಜಾಣತನ ಎಲ್ಲರ ಪಾಲಿಗೆ ಬರುವುದಿಲ್ಲ. ಡಬ್ಬಿಯನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬಾರದು, ಅಪ್‌ಡೇಟ್ ಮುಂದೂಡಬಾರದು, ಫೈಲ್‌ಗಳ ಇನ್ನೊಂದು ಪ್ರತಿ ವೈರ್ ಕಿತ್ತಿಟ್ಟ ಬೇರೆ ಡಿಸ್ಕಿನಲ್ಲಿ ಇರಬೇಕು.

ಇನ್ನು ಹತ್ತಿರದ ಅಪಾಯ. ಇಂಥ ಡಬ್ಬಿಗಳ ಹಿಂದೆ ಒಂದು ಸಣ್ಣ ರಂಧ್ರ ಇರುತ್ತದೆ. ಅದರೊಳಗಿನ ಗುಂಡಿಯನ್ನು ಕಡ್ಡಿಯಿಂದ ಮೂರು ನಾಲ್ಕು ಸೆಕೆಂಡ್ ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಮೊದಲಿನ ಸ್ಥಿತಿಗೆ ಹೋಗುತ್ತದೆ. ಫೈಲ್‌ಗಳು ಹಾಗೇ ಇರುತ್ತವೆ. ಪಾಸ್‌ವರ್ಡ್ ಮರೆತವರಿಗೆ ಇದು ದೇವರು. ಆದರೆ ಡಬ್ಬಿ ಮುಟ್ಟಬಲ್ಲ ಯಾರಿಗಾದರೂ ಇದೇ ಬಾಗಿಲು. ಅದಕ್ಕೆ ನಮ್ಮ ಡಬ್ಬಿ ಈಗ ಗಾಳಿಯಾಡುವ ಜಾಲರಿ ಬಾಗಿಲಿನ ಕಪಾಟಿನಲ್ಲಿದೆ, ಕಬ್ಬಿಣದ ಬೀಗದ ಜೊತೆ. ಯಜಮಾನನ ಪಾಸ್‌ವರ್ಡ್ ಮತ್ತು ಆರಂಕಿಯ ಬದಲಿ ವ್ಯವಸ್ಥೆ ಒಂದು ಅಂಟಿಸಿದ ಲಕೋಟೆಯಲ್ಲಿ, ಅಂಟಿನ ಮೇಲೆ ಇಬ್ಬರ ಸಹಿಯೊಂದಿಗೆ, ಹಿರಿಯರ ಮನೆಯಲ್ಲಿದೆ. ನಾಳೆ ನನಗೇನಾದರೂ ಆದರೆ ಹತ್ತು ವರ್ಷದ ಜಿಲ್ಲೆಯ ನೆನಪು ನನ್ನ ಜೊತೆ ಮಣ್ಣಾಗಬಾರದು.

ಬಿಟ್ಟು ಹೋದವರ ಹೆಸರನ್ನು ನಾವು ಅಳಿಸುವುದಿಲ್ಲ, ನಿಷ್ಕ್ರಿಯ ಮಾಡುತ್ತೇವೆ. ಅವರು ಮಾಡಿದ ಕೆಲಸದ ಮುಂದೆ ಅವರ ಹೆಸರು ಉಳಿಯಲಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇಂಥ ಡಬ್ಬಿ ಇಲ್ಲ. ಫೋನ್ ಇದೆ. ಹೊಸ ಫೋನ್ ತಂದ ದಿನ ಜಿಮೇಲ್ ಮಾಡಿಕೊಟ್ಟವರು ಯಾರು? ಅಂಗಡಿಯವರೇ ಆಗಿದ್ದರೆ ಪಾಸ್‌ವರ್ಡ್ ಇಟ್ಟವರೂ ಅವರೇ. ನಿಮ್ಮ ಫೋಟೊ, ಕಾಂಟ್ಯಾಕ್ಟ್ ಎಲ್ಲ ಆ ಖಾತೆಯಲ್ಲಿವೆ. ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆರೆದು ಪಾಸ್‌ವರ್ಡ್ ಬದಲಿಸಿ. ರಿಕವರಿ ನಂಬರ್ ನಿಮ್ಮದೇ ಇದೆಯೇ ನೋಡಿ. ಭದ್ರತೆ ಭಾಗದಲ್ಲಿ ಯಾವ ಯಾವ ಫೋನ್‌ನಿಂದ ಆ ಖಾತೆ ತೆರೆದಿದೆ ಎಂಬ ಪಟ್ಟಿ ಇರುತ್ತದೆ, ಗೊತ್ತಿಲ್ಲದ್ದನ್ನು ಹೊರಹಾಕಿ. ಜೆರಾಕ್ಸ್ ಅಂಗಡಿ, ಸ್ಟುಡಿಯೊ, ಆನ್‌ಲೈನ್ ಸೆಂಟರ್‌ಗೆ ಆಧಾರ್, ಪಹಣಿ, ಮಗಳ ಫೋಟೊ ಕೊಟ್ಟಾಗ, ‘ಇದು ಎಲ್ಲಿ ಉಳೀತೈತಿ, ಯಾರ್‍ಯಾರು ತೆರೀತಾರ?’ ಎಂದು ಕೇಳಿ. ಹಾಗೆ ಕೇಳುವುದು ಜಗಳವಲ್ಲ.

ಕಳೆದ ಮಳೆಗಾಲ ಒಂದು ಫೋಲ್ಡರ್ ಮತ್ತೆ ಕಾಣೆಯಾಯಿತು. ಲಾಗ್ ತೆರೆದೆ. ಹಿರಿಯರ ಹೆಸರು, ಮಧ್ಯಾಹ್ನ ಎರಡೂಕಾಲು. ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, ‘ನಂದ ಕೈ ತಾಗೇತಿ ನೋಡು’ ಅಂದರು. ಕಸದ ಬುಟ್ಟಿಯಿಂದ ಮರಳಿ ತರಲು ಐದು ನಿಮಿಷ ಹಿಡಿಯಿತು. ಹೊಸದಾಗಿ ಕಲಿಯಲು ಬಂದ ಹುಡುಗಿ ಪಕ್ಕದಲ್ಲೇ ಕೂತು ಎಡಿಟ್ ಮಾಡುತ್ತಿದ್ದಳು. ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ.

ಅವತ್ತು ಸಂಜೆ ಮೊಬೈಲ್ ಅಂಗಡಿಯ ಹುಡುಗನಿಗೆ ಫೋನ್ ಮಾಡಿ ಈ ವ್ಯವಸ್ಥೆಯೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಕೊನೆಗೆ ಒಂದೇ ಕೇಳಿದ: ‘ಅಣ್ಣಾರ, ಆ ಅಜ್ಜಿ ಫೋಲ್ಡರ್ ಸಿಕ್ತೇನ್ರಿ?’

ಸಿಕ್ಕಿಲ್ಲ ಅಂದೆ.